ಮೊಳೆಯ ಕೇಸಿನಿಂದ ಗಣಕದ ಕಪಾಟಿಗೆ

ಹಳೆಯ ಅಚ್ಚುಕೂಟವೊಂದರ ಬಾಗಿಲಲ್ಲಿ ನಿಂತು ಒಳಗೆ ಇಣುಕಿದವರಿಗೆ ಮೊದಲು ಕಾಣುತ್ತಿದ್ದುದು ಅಚ್ಚಿನ ಯಂತ್ರವಲ್ಲ, ಇಳಿಜಾರಾಗಿ ನಿಲ್ಲಿಸಿದ ಮರದ ಕೇಸುಗಳು. ಕೇಸಿನಲ್ಲಿ ಹತ್ತಾರು ಸಣ್ಣ ಮನೆಗಳು. ಒಂದೊಂದು ಮನೆಯಲ್ಲಿಯೂ ಒಂದೇ ಅಕ್ಷರದ ಸೀಸದ ಮೊಳೆಗಳು. ಮೊಳೆ ಜೋಡಿಸುವಾತನ ಕಣ್ಣು ಕೈಬರಹದ ಪ್ರತಿಯ ಮೇಲಿರುತ್ತಿತ್ತೇ ಹೊರತು ಕೇಸಿನ ಮೇಲಲ್ಲ. ಯಾವ ಅಕ್ಷರ ಯಾವ ಮನೆಯಲ್ಲಿದೆಯೆಂಬುದು ಅವನ ಬೆರಳಿಗೇ ಗೊತ್ತಿರುತ್ತಿತ್ತು. ಅಚ್ಚಾದ ಮೇಲೆ ಮೊಳೆಗಳನ್ನು ತೊಳೆದು ಮರಳಿ ಅವುಗಳ ಮನೆಗೆ ಹಾಕಬೇಕು. ಅಕ್ಷರ ಕಲಿಯುವ ಹುಡುಗರಿಗೆ ಮೊದಲು ಕೊಡುತ್ತಿದ್ದ ಕೆಲಸವೂ ಅದೇ. ಹಾಕುವಾಗ ಒಂದು ಮೊಳೆ ತಪ್ಪು ಮನೆಗೆ ಬಿದ್ದರೆ ಮುಂದಿನ ಪುಸ್ತಕದಲ್ಲಿ ಒಂದು ತಪ್ಪು ಹುಟ್ಟುತ್ತಿತ್ತು.

ಇಂದು ಆ ಕೇಸುಗಳೆಲ್ಲ ಗಣಕಯಂತ್ರದೊಳಕ್ಕೆ ಸೇರಿಹೋಗಿವೆ. ರೇಡಿಯೋ ಇರುವ ಎಷ್ಟೋ ಮನೆಗಳಲ್ಲಿ ಈಗ ಗಣಕವೂ ಇದೆ. ಅದರಲ್ಲಿ ಪತ್ರವೊಂದನ್ನು ಬರೆಯಲು ಕುಳಿತು ಅಕ್ಷರದ ಪಟ್ಟಿಯನ್ನು ತೆರೆದರೆ ಹೆಸರುಗಳು ಒಂದರ ಕೆಳಗೊಂದು ಇಳಿಯುತ್ತಲೇ ಹೋಗುತ್ತವೆ, ತುದಿಯೇ ಸಿಗುವುದಿಲ್ಲ. ಇವನ್ನೆಲ್ಲ ಇಲ್ಲಿ ತಂದಿಟ್ಟವರಾರು, ಯಾವುದು ಬೇಕು, ಯಾವುದು ಬೇಡ, ಬೇಡವಾದುದನ್ನು ಎತ್ತಿಹಾಕಿದರೆ ಏನಾದೀತು ಎಂಬ ಪ್ರಶ್ನೆಗಳು ಸಹಜವಾಗಿ ಏಳುತ್ತವೆ. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯಲ್ಲಿ ಈ ಕಪಾಟಿನ ಬಾಗಿಲು ತೆರೆದೇ ಇರುವುದರಿಂದ ಈ ಪ್ರಶ್ನೆಗಳ ಚರಿತ್ರೆಯನ್ನು ಅಲ್ಲಿ ನೋಡುವುದೇ ಸುಲಭ. ಆದರೆ ಪ್ರಶ್ನೆಗಳು ಮಾತ್ರ ಗಣಕಕ್ಕಿಂತ ಬಹಳ ಹಳೆಯವು.

ಫಾಂಟ್ ಎಂಬ ಮಾತೇ ಎರಕದ ಮನೆಯಿಂದ ಬಂದದ್ದು. ಫ್ರೆಂಚ್ ಭಾಷೆಯಲ್ಲಿ ಕರಗಿಸುವುದು ಎಂಬರ್ಥದ ಧಾತುವಿನಿಂದ ಹುಟ್ಟಿ, ಒಂದೇ ಅಳತೆಯ, ಒಂದೇ ಆಕಾರದ, ಒಮ್ಮೆಗೇ ಎರೆದ ಮೊಳೆಗಳ ಸಮೂಹಕ್ಕೆ ಹೆಸರಾಯಿತು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳನ್ನು ಮೇಲಿನ ಕೇಸು, ಕೆಳಗಿನ ಕೇಸು ಎಂದು ಇಂದಿಗೂ ಕರೆಯುವುದು ಮೊಳೆಯ ಕೇಸುಗಳನ್ನು ಒಂದರ ಮೇಲೊಂದು ಇಡುತ್ತಿದ್ದುದರಿಂದ. ಕೇಸನ್ನೇ ಕಂಡರಿಯದ ಮಕ್ಕಳು ಈ ಮಾತುಗಳನ್ನು ದಿನವೂ ಆಡುತ್ತಾರೆ.

ಅಕ್ಷರಗಳ ದೊಡ್ಡ ಸಂಗ್ರಹವನ್ನು ಇಟ್ಟುಕೊಂಡು ಬಾಳಿದವರಲ್ಲಿ ಆಂಟ್‌ವರ್ಪ್ ನಗರದ ಕ್ರಿಸ್ತೋಫ್ ಪ್ಲಾಂಟಿನ್ ಪ್ರಸಿದ್ಧನು. 1555ರಲ್ಲಿ ಅಲ್ಲಿ ಅಚ್ಚಿನ ಕೆಲಸವನ್ನು ಆರಂಭಿಸಿದ ಈತ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳ ಬೈಬಲನ್ನು 1568ರಿಂದ ಕೆಲವು ವರ್ಷಗಳಲ್ಲಿ ಎಂಟು ಸಂಪುಟಗಳಾಗಿ ಮುದ್ರಿಸಿದನು. ಅಷ್ಟು ಲಿಪಿಗಳ ಮೊಳೆಗಳನ್ನು ಕೂಡಿಸಿದ ಮೇಲೆ ಲೆಕ್ಕವಿಡದೆ ನಡೆಯುವುದುಂಟೆ? ತನ್ನಲ್ಲಿದ್ದ ಅಕ್ಷರಗಳ ಮಾದರಿ ಪುಸ್ತಕವೊಂದನ್ನು 1567ರಲ್ಲಿಯೇ ಅಚ್ಚು ಹಾಕಿಸಿದನು. ಆತನ ಮನೆತನದ ಅಚ್ಚುಕೂಟವನ್ನು 1876ರಲ್ಲಿ ಆ ನಗರದವರು ಕೊಂಡು ವಸ್ತುಸಂಗ್ರಹಾಲಯ ಮಾಡಿದರು. ಉಕ್ಕಿನ ಪಂಚುಗಳು, ತಾಮ್ರದ ಅಚ್ಚುಪಡಿಗಳು, ಮೊಳೆಗಳು ಅಲ್ಲಿ ಈಗಲೂ ಇವೆ.

ಪಂಚು ಎಂದರೇನೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಮುಂದಿನ ಮಾತಿಗೆ ಅದು ಬೇಕಾಗುತ್ತದೆ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೊರೆದರೆ ಅದು ಪಂಚು. ಅದನ್ನು ತಾಮ್ರಕ್ಕೆ ಬಡಿದರೆ ಮೂಡುವ ಗುಳಿಯೇ ಅಚ್ಚುಪಡಿ. ಅದರೊಳಗೆ ಕರಗಿದ ಸೀಸವನ್ನು ಎರೆದರೆ ಮೊಳೆ. ಮೊಳೆ ಸವೆದರೆ, ಕಳೆದರೆ, ಕರಗಿಹೋದರೆ ಮತ್ತೆ ಎರೆದುಕೊಳ್ಳಬಹುದು. ಪಂಚು ಹೋದರೆ ಕೊರೆದವನ ಕೈಯೇ ಹೋದಂತೆ.

1812ರ ಮಾರ್ಚ್ 11ರ ಸಂಜೆ ಬಂಗಾಳದ ಶ್ರೀರಾಮಪುರದಲ್ಲಿ ಮಿಷನರಿಗಳ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ವಿಲಿಯಂ ಕೇರಿ ಆ ದಿನ ಕಲ್ಕತ್ತೆಯಲ್ಲಿದ್ದರು. ಅನೇಕ ಭಾರತೀಯ ಲಿಪಿಗಳ ಮೊಳೆಗಳು ಕರಗಿ ಗಟ್ಟಿಯಾದವು. ವರ್ಷಗಟ್ಟಲೆ ಬರೆದ ಕೋಶಗಳ, ಅನುವಾದಗಳ ಹಸ್ತಪ್ರತಿಗಳು ಬೂದಿಯಾದವು. ಆದರೆ ಬೂದಿಯನ್ನು ಕೆದಕಿದಾಗ ಉಕ್ಕಿನ ಪಂಚುಗಳು ಕೆಡದೆ ಸಿಕ್ಕವು. ಪಂಚಾನನ ಕರ್ಮಕಾರ ಎಂಬ ಕುಶಲಿಯೂ ಆತನ ಅಳಿಯ ಮನೋಹರನೂ ಬೆಳೆಸಿದ ಎರಕದ ವಿದ್ಯೆ ಅಲ್ಲಿತ್ತು. ಕರಗಿದ ಲೋಹವನ್ನೇ ಎತ್ತಿ ಮತ್ತೆ ಮೊಳೆಗಳನ್ನು ಎರೆದರು. ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಅದೇ ಅಚ್ಚುಕೂಟದಿಂದ ಹೊರಬಂದಿತು. ಅಂದರೆ ನಮ್ಮ ಭಾಷೆಯ ಆದಿಯ ಮುದ್ರಿತ ಪುಸ್ತಕಗಳಲ್ಲೊಂದು ಬೆಂಕಿಯ ನಂತರದ ಕೂಸು. ಮೂಲ ಯಾವುದು, ಮೂಲದಿಂದ ಮತ್ತೆ ಪಡೆಯಬಹುದಾದದ್ದು ಯಾವುದು ಎಂಬ ಭೇದವನ್ನು ಅರಿತವರಿಗೆ ಸಂಗ್ರಹವನ್ನು ಕಾಯುವುದು ಕಷ್ಟವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಕನ್ನಡಕ್ಕೆ ಮೊಳೆ ಮಾಡುವುದೆಂದರೆ ಇಂಗ್ಲಿಷಿಗೆ ಮಾಡಿದಂತಲ್ಲ. ನಮ್ಮ ಮೂವತ್ತನಾಲ್ಕು ವ್ಯಂಜನಗಳು, ಒಂದೊಂದಕ್ಕೂ ಕಾಗುಣಿತ, ಮೇಲೆ ತಲಕಟ್ಟು ಗುಡಿಸು, ಬಲಕ್ಕೆ ಕೊಂಬು, ಕೆಳಗೆ ಒತ್ತು. ಎಲ್ಲವನ್ನೂ ಕೂಡಿಸಿದರೆ ನೂರಾರು ಮನೆಗಳು ಬೇಕು. ಮಂಗಳೂರಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ಅಚ್ಚುಕೂಟವಿಟ್ಟಾಗ ಕಲ್ಲಚ್ಚಿನಿಂದಲೇ ಆರಂಭಿಸಿದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. ಮೊಳೆಗಳು ಬಂದದ್ದು ಅನಂತರ. 1894ರಲ್ಲಿ ಕಿಟೆಲ್ಲರ ನಿಘಂಟು ಅದೇ ಊರಿನಲ್ಲಿ ಅಚ್ಚಾದಾಗ ಅದರ ಒಂದು ಪುಟದಲ್ಲಿ ಎಷ್ಟು ಬಗೆಯ ಮೊಳೆ ಕೂಡಿತ್ತೆಂಬುದನ್ನು ಪುಸ್ತಕ ತೆರೆದು ನೋಡಿದವರೇ ಬಲ್ಲರು.

ಇನ್ನು ಗಣಕದ ಕಡೆಗೆ ಬರೋಣ. ಲಿನಕ್ಸಿನ ತೆರೆಯ ಮೇಲೆ ಬಹುಕಾಲ ಅಕ್ಷರ ಮೂಡಿಸಿದ್ದು ಎಕ್ಸ್ ಎಂಬ ಒಂದೇ ಅಕ್ಷರದ ಹೆಸರಿನ ವ್ಯವಸ್ಥೆ. ಅದು 1984ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಹುಟ್ಟಿತು. 1991ರಲ್ಲಿ ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಲೋಕಕ್ಕೆ ಕೊಟ್ಟಾಗ ಎಕ್ಸ್ ಆಗಲೇ ಬೆಳೆದು ನಿಂತಿತ್ತು. ಅದರಲ್ಲಿ ಅಕ್ಷರಗಳಿಗೆ ಹೆಸರಿಡುತ್ತಿದ್ದ ಕ್ರಮ ವಿಚಿತ್ರವಾದುದು. ಒಂದೊಂದು ಅಕ್ಷರಸಮೂಹದ ಪೂರ್ಣನಾಮದಲ್ಲಿ ಹದಿನಾಲ್ಕು ಅಂಗಗಳು, ನಡುನಡುವೆ ಅಡ್ಡಗೆರೆ. ಮೊದಲು ಎರಕದ ಮನೆಯ ಹೆಸರು, ಅನಂತರ ವಂಶದ ಹೆಸರು, ಆಮೇಲೆ ದಪ್ಪ, ಓರೆ, ಅಗಲ, ಚುಕ್ಕಿಗಳ ಅಳತೆ, ಹೀಗೆ ಲಿಪಿಯ ಸಂಕೇತದವರೆಗೆ. ಗೋತ್ರ, ಸೂತ್ರ, ಶಾಖೆಗಳನ್ನು ಹೇಳಿ ಕಡೆಗೆ ತನ್ನ ಹೆಸರು ಹೇಳುವ ಪ್ರವರದ ನೆನಪಾಗುತ್ತದೆ. ಸೀಸವೇ ಇಲ್ಲದ ಕಡೆ ಎರಕದ ಮನೆಗೆ ಅಗ್ರಪೂಜೆ ಸಲ್ಲುತ್ತಿದ್ದುದು ನನಗಂತೂ ಬಹಳ ಹಿಡಿಸಿತು.

ಆ ಕಾಲದ ಅಕ್ಷರಗಳು ಚುಕ್ಕಿಗಳಿಂದಾದವು. ಮೊಳೆಗಳಂತೆಯೇ ಅಳತೆಗೊಂದು ಬೇರೆ ಕಡತ. ಹೊಸದೊಂದನ್ನು ತಂದವನು ಅದನ್ನು ನಿರ್ದಿಷ್ಟ ಸ್ಥಳದಲ್ಲಿಟ್ಟು, ಆ ಸ್ಥಳದ ಪಟ್ಟಿಯನ್ನು ಮತ್ತೆ ಬರೆಸಿ, ತೆರೆಯನ್ನು ಆಳುವ ಕಾರ್ಯಕ್ರಮಕ್ಕೆ ಪಟ್ಟಿ ಬದಲಾಯಿತೆಂದು ತಿಳಿಸಬೇಕಾಗಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಕಾಗದದ ಮೇಲೆ ಅಚ್ಚು ಹಾಕುವ ಕಾರ್ಯಕ್ರಮಕ್ಕೆ ಬೇರೆ ಪಟ್ಟಿ, ಪುಸ್ತಕ ಜೋಡಿಸುವ ಕಾರ್ಯಕ್ರಮಕ್ಕೆ ಮತ್ತೊಂದು. ಒಂದೇ ಅಕ್ಷರವನ್ನು ಮೂರು ಬಾಗಿಲಲ್ಲಿ ಪರಿಚಯ ಮಾಡಿಸಬೇಕು. ತೆರೆಯ ಮೇಲೆ ಒಂದು ರೂಪ, ಕಾಗದದ ಮೇಲೆ ಇನ್ನೊಂದು ರೂಪ ಕಂಡು ಜನ ತಲೆಯ ಮೇಲೆ ಕೈಹೊತ್ತು ಕೂತರು.

ಅಷ್ಟರಲ್ಲಿ ಅಕ್ಷರಗಳ ಮೈಯೇ ಬದಲಾಗುತ್ತಿತ್ತು. 1991ರಲ್ಲಿ ಆಪಲ್ ಸಂಸ್ಥೆಯವರು ಟ್ರೂಟೈಪ್ ಎಂಬ ಬಗೆಯನ್ನು ತಂದರು. ಇದರಲ್ಲಿ ಅಕ್ಷರದ ಅಂಚನ್ನು ಗಣಿತದ ವಕ್ರರೇಖೆಗಳಿಂದ ಹೇಳಿರುತ್ತದೆ. ಒಂದೇ ಕಡತದಿಂದ ಎಷ್ಟು ಅಳತೆಯದನ್ನಾದರೂ ಪಡೆಯಬಹುದು. ಗಣಕದ ಪಂಚು ಸಿಕ್ಕಿತೆಂದೇ ಹೇಳಬೇಕು. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಸಂಸ್ಥೆಗಳು ಕೂಡಿ ಸಾರಿದ ಓಪನ್‌ಟೈಪ್ ಎಂಬ ಬಗೆ ಇದರ ಮುಂದಿನ ಹೆಜ್ಜೆ. ಒತ್ತು ಎಲ್ಲಿ ಕೂರಬೇಕು, ಅರ್ಕಾವೊತ್ತು ಎಲ್ಲಿಗೆ ಹೋಗಬೇಕು ಎಂಬ ನಿಯಮಗಳು ಫಾಂಟಿನೊಳಗೇ ಸೇರಿದವು. ನಮ್ಮಂಥ ಲಿಪಿಗಳಿಗೆ ಇದರಿಂದಾದ ಉಪಕಾರ ಬಹಳ ದೊಡ್ಡದು.

ಕಪಾಟಿಗೆ ಒಂದು ಕ್ರಮ ತಂದವರು ಕೀತ್ ಪ್ಯಾಕರ್ಡ್. ಎಕ್ಸ್ ವ್ಯವಸ್ಥೆಯಲ್ಲಿ ದೀರ್ಘಕಾಲ ದುಡಿದ ಇವರು 2000ದಿಂದ ಎರಡು ಮೂರು ವರ್ಷಗಳಲ್ಲಿ ಫಾಂಟ್‌ಕಾನ್ಫಿಗ್ ಎಂಬ ಸಾಧನವನ್ನು ರೂಪಿಸಿದರು. ಇದು ಅಕ್ಷರವನ್ನು ಬರೆಯುವುದಿಲ್ಲ, ಹುಡುಕಿಕೊಡುತ್ತದೆ, ಅಷ್ಟೆ. ಒಳ್ಳೆಯ ಗ್ರಂಥಪಾಲಕನ ಕೆಲಸ. ಗೊತ್ತುಪಡಿಸಿದ ಕೆಲವು ಸ್ಥಳಗಳಲ್ಲಿರುವ ಫಾಂಟುಗಳನ್ನೆಲ್ಲ ಒಮ್ಮೆ ತೆರೆದು ನೋಡಿ, ಇದರ ವಂಶವೇನು, ದಪ್ಪವೆಷ್ಟು, ಯಾವ ಭಾಷೆಗೆ ಸಾಕಾಗುತ್ತದೆ, ಯಾವ ಯಾವ ಅಕ್ಷರಗಳುಂಟು ಎಂದು ಟಿಪ್ಪಣಿ ಬರೆದಿಟ್ಟುಕೊಳ್ಳುತ್ತದೆ. ಯಾವ ಕಾರ್ಯಕ್ರಮ ಬಂದು ಕೇಳಿದರೂ ಆ ಟಿಪ್ಪಣಿ ನೋಡಿ ಉತ್ತರ ಕೊಡುತ್ತದೆ. ಈ ಟಿಪ್ಪಣಿ ಕೆಟ್ಟರೆ, ಅಳಿಸಿಹೋದರೆ ಚಿಂತೆಯಿಲ್ಲ. ಎಫ್‌ಸಿ-ಕ್ಯಾಶ್ ಎಂಬ ಆಜ್ಞೆ ಕೊಟ್ಟರೆ ಮತ್ತೆ ಬರೆದುಕೊಳ್ಳುತ್ತದೆ. ಶ್ರೀರಾಮಪುರದ ಮೊಳೆಯಂತೆ.

ಈ ಗ್ರಂಥಪಾಲಕನಲ್ಲಿ ಒಂದು ಗುಣವಿದೆ; ಅದನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ ನಾನು ಇನ್ನೂ ನಿಶ್ಚಯಿಸಿಲ್ಲ. ಇವನು ಇಲ್ಲವೆಂದು ಹೇಳುವುದೇ ಇಲ್ಲ. ಕೇಳಿದ ಫಾಂಟು ಇಲ್ಲದಿದ್ದರೆ ಅದಕ್ಕೆ ಅತಿ ಸಮೀಪವೆಂದು ತನಗೆ ತೋರಿದ ಇನ್ನೊಂದನ್ನು ಸದ್ದಿಲ್ಲದೆ ಕೊಟ್ಟುಬಿಡುತ್ತಾನೆ. ಕೊಟ್ಟ ಫಾಂಟಿನಲ್ಲಿ ಒಂದು ಅಕ್ಷರ ಮಾತ್ರ ಇಲ್ಲದಿದ್ದರೆ ಆ ಒಂದನ್ನು ಬೇರೆ ಫಾಂಟಿನಿಂದ ತಂದು ಸೇರಿಸುವ ವ್ಯವಸ್ಥೆಯೂ ಇದೆ. ಎಲ್ಲಿಯೂ ಸಿಗದಿದ್ದಾಗ ಮಾತ್ರ ಖಾಲಿ ಚೌಕ ಕಾಣುತ್ತದೆ. ಆ ಚೌಕಕ್ಕೆ ಬಲ್ಲವರು ತೋಫು ಎನ್ನುತ್ತಾರೆ. ಲೋಕದ ಎಲ್ಲ ಲಿಪಿಗಳಲ್ಲಿಯೂ ಈ ಚೌಕವನ್ನು ಇಲ್ಲವಾಗಿಸಬೇಕೆಂದು ಗೂಗಲ್ ಸಂಸ್ಥೆಯವರು ಹೊರಡಿಸಿದ ಅಕ್ಷರಸಂಗ್ರಹಕ್ಕೆ ನೋಟೊ ಎಂಬ ಹೆಸರು ಬಂದುದೂ ಅದರಿಂದಲೇ.

ಕನ್ನಡದ ಪಾಲಿಗೆ ಈ ಕಪಾಟು ತುಂಬಿದ್ದು ಬೇಗ. 2004ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯವರು ಲೋಹಿತ್ ಎಂಬ ಹೆಸರಿನಲ್ಲಿ ಭಾರತೀಯ ಲಿಪಿಗಳ ಫಾಂಟುಗಳನ್ನು ಮುಕ್ತವಾಗಿ ಬಿಟ್ಟರು. ಸಂಸ್ಥೆಯ ಹೆಸರಿನ ಕೆಂಪು ಬಣ್ಣವೇ ಸಂಸ್ಕೃತಕ್ಕೆ ತಿರುಗಿ ಲೋಹಿತವಾಯಿತು. ಕೇದಗೆ, ಮಲ್ಲಿಗೆ ಎಂಬವೂ ಗುಬ್ಬಿ, ನವಿಲು ಎಂಬವೂ ಬಂದವು. ಹೂವಿನ ಹೆಸರು, ಹಕ್ಕಿಯ ಹೆಸರು! ನಮ್ಮವರ ರಸಿಕತೆಗೆ ಮೆಚ್ಚಬೇಕು. ಇಂಥ ಎಷ್ಟೋ ಫಾಂಟುಗಳು ಇಂದು ಯಾವ ಪರವಾನಗಿಯ ಕೆಳಗೆ ಹಂಚಿಕೆಯಾಗುತ್ತವೆಯೋ ಆ ಓಪನ್ ಫಾಂಟ್ ಲೈಸೆನ್ಸನ್ನು ಬರೆದದ್ದು ಎಸ್‌ಐಎಲ್ ಎಂಬ ಕ್ರೈಸ್ತ ಮೂಲದ ಭಾಷಾಸಂಸ್ಥೆ. ಕೇರಿ ಮೋಗ್ಲಿಂಗರ ನಂಟು ಇನ್ನೂ ಕಡಿದಿಲ್ಲ.

ತುಂಬಿದ ಕಪಾಟಿನ ಕಷ್ಟವೂ ಹೀಗೆಯೇ ಬಂತು. ನೋಟೊ ಸಂಗ್ರಹವನ್ನು ಇಡಿಯಾಗಿ ತಂದಿಟ್ಟುಕೊಂಡವನ ಪಟ್ಟಿಯಲ್ಲಿ ಅವನು ಕಂಡು ಕೇಳರಿಯದ ಲಿಪಿಗಳ ಹೆಸರುಗಳೆಲ್ಲ ಬಂದು ಕೂರುತ್ತವೆ. ಅದರ ನಡುವೆ ಕನ್ನಡವನ್ನು ಹುಡುಕಬೇಕು. ಇದಕ್ಕೆ ಉಪಾಯ ತಿಳಿಯಬೇಕಾದರೆ ಕಪಾಟಿನಲ್ಲಿ ಎರಡು ಪಾಲು ಇದೆಯೆಂಬುದನ್ನು ಮೊದಲು ತಿಳಿಯಬೇಕು. ವ್ಯವಸ್ಥೆಯೊಡನೆ ಬಂದ ಫಾಂಟುಗಳು ಎಲ್ಲರಿಗೂ ಸೇರಿದ ಸ್ಥಳದಲ್ಲಿರುತ್ತವೆ. ನಾವಾಗಿ ತಂದವು ನಮ್ಮ ಮನೆಯ ಸ್ಥಳದಲ್ಲಿರಬೇಕು. ಮೊದಲನೆಯವನ್ನು ಕೈಯಿಂದ ಅಳಿಸಬಾರದು. ಅವು ಪೊಟ್ಟಣಗಳಾಗಿ ಬಂದಿರುತ್ತವಾದ್ದರಿಂದ ಪೊಟ್ಟಣ ಹೊಸದಾದಾಗ ಮರಳಿ ಬರುತ್ತವೆ. ಬೇಡವಾದರೆ ಪೊಟ್ಟಣವನ್ನೇ ತೆಗೆಸಬೇಕು. ಎರಡನೆಯವನ್ನು ಉಪಕೋಶಗಳಲ್ಲಿ ವಿಂಗಡಿಸಿಟ್ಟರೂ ಗ್ರಂಥಪಾಲಕನು ಒಳಹೊಕ್ಕು ನೋಡಬಲ್ಲನು. ಕನ್ನಡಕ್ಕೊಂದು, ಸಂಸ್ಕೃತಕ್ಕೊಂದು, ಮದುವೆಯ ಕರೆಯೋಲೆಗೊಂದು ಹೀಗೆ ಇಟ್ಟುಕೊಂಡವರ ಬಾಳು ಹಸನು.

ಅಳಿಸದೆ ಮರೆಮಾಡುವ ದಾರಿಯೂ ಉಂಟು. ಫಾಂಟ್‌ಕಾನ್ಫಿಗ್‌ಗೆ ಬರೆದುಕೊಡುವ ಚೀಟಿಯಲ್ಲಿ ಇಂಥಿಂಥವನ್ನು ತಿರಸ್ಕರಿಸು ಎಂದರೆ ಅವು ಇದ್ದ ಕಡೆಯೇ ಇದ್ದು ಪಟ್ಟಿಯಿಂದ ಮಾತ್ರ ಮಾಯವಾಗುತ್ತವೆ. ಚೀಟಿ ಹರಿದರೆ ಮತ್ತೆ ಬರುತ್ತವೆ. ಚೀಟಿ ಬರೆಯಲು ಬಾರದವರಿಗೆ ಫಾಂಟ್ ಮ್ಯಾನೇಜರ್ ಎಂಬ ಉಚಿತ ಕಾರ್ಯಕ್ರಮವಿದೆ. ಅದರಲ್ಲಿ ಹೆಸರಿನ ಮುಂದಿನ ಗುರುತು ತೆಗೆದರೆ ಈ ಚೀಟಿಯನ್ನು ಅದೇ ಬರೆಯುತ್ತದೆ. ನಾನು ಇದನ್ನು ತಿಳಿದದ್ದು ತಡವಾಗಿ. ತಡವಾದುದರ ಫಲವನ್ನೂ ಉಂಡೆ.

1999ರಲ್ಲಿ ನಾನು ವಿದ್ಯಾರ್ಥಿಗಳಿಗಾಗಿ ಹಳಗನ್ನಡ ವ್ಯಾಕರಣದ ಟಿಪ್ಪಣಿಯೊಂದನ್ನು ಬರೆದು ಪೇಟೆಯ ಟೈಪಿಂಗ್ ಅಂಗಡಿಯೊಂದರಲ್ಲಿ ಗಣಕಕ್ಕೆ ಹಾಕಿಸಿದ್ದೆ. ಆಗಿನ ಕನ್ನಡ ಫಾಂಟುಗಳ ಗುಟ್ಟನ್ನು ವಾಚಕರು ಬಲ್ಲರೋ ಇಲ್ಲವೋ. 1991ರಲ್ಲಿಯೇ ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಕನ್ನಡಕ್ಕೆ 128 ಸ್ಥಾನಗಳು ದೊರೆತಿದ್ದರೂ ಅಂಗಡಿಗಳಿಗೆ ಅದು ಇಳಿದು ಬರಲು ವರ್ಷಗಳು ಹಿಡಿದವು. ಅಲ್ಲಿಯವರೆಗೆ ನಡೆದ ಉಪಾಯವೆಂದರೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳ ಚಿತ್ರವನ್ನು ಕೂರಿಸುವುದು. ಎ ಇದ್ದ ಕಡೆ ಒಂದು ತಲಕಟ್ಟು, ಬಿ ಇದ್ದ ಕಡೆ ಒಂದು ಒತ್ತು, ಹೀಗೆ. ಯಾರು ಯಾವುದನ್ನು ಎಲ್ಲಿ ಕೂರಿಸಿದರೆಂಬುದು ಅವರವರ ಇಷ್ಟ. ಗಣಕದ ಮಟ್ಟಿಗೆ ಬರಹ ಇಂಗ್ಲಿಷಿನ ಕಲಸುಮೇಲೋಗರ. ಕನ್ನಡವಿದ್ದದ್ದು ಫಾಂಟಿನಲ್ಲಿ ಮಾತ್ರ. ಕೇಸೇ ಕೀಲಿಕೈ ಎನ್ನಬಹುದು.

ಕೆಲವು ವರ್ಷಗಳ ಹಿಂದೆ ಅಣ್ಣನ ಮಗ ನಮ್ಮ ಮನೆಯ ಗಣಕಕ್ಕೆ ಲಿನಕ್ಸ್ ಹಾಕಿಕೊಟ್ಟ. ನನ್ನ ಹಳೆಯ ಫಾಂಟುಗಳನ್ನೆಲ್ಲ ಮನೆಯ ಸ್ಥಳಕ್ಕೆ ತಂದಿಟ್ಟಿದ್ದೆ. ಪಟ್ಟಿ ಉದ್ದವಾಯಿತೆಂದು ಗೊಣಗಿದೆ. “ಚಿಕ್ಕಪ್ಪ, ಇವೆಲ್ಲ ಹಳೇ ಕಾಲದವು, ಯೂನಿಕೋಡ್ ಬಂದ ಮೇಲೆ ಇವುಗಳಿಂದ ಏನೂ ಉಪಯೋಗವಿಲ್ಲ, ತೆಗೆದುಬಿಡಲೇ?” ಎಂದ. ತೆಗೆಯಪ್ಪ ಎಂದೆ. ತಪ್ಪು ನನ್ನದೇ. ಮರುವರ್ಷ ಟಿಪ್ಪಣಿಯನ್ನು ತೆರೆದರೆ ನಲವತ್ತು ಪುಟ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಹುಳು ಹರಿದಂತೆ ಹರಿದಿದ್ದವು. ನಮ್ಮ ಗ್ರಂಥಪಾಲಕ ಎಂದಿನಂತೆ ಇಲ್ಲವೆನ್ನದೆ ಒಂದು ಅಂದವಾದ ಇಂಗ್ಲಿಷ್ ಫಾಂಟನ್ನು ಕೊಟ್ಟಿದ್ದ! ಕಡತ ಕೆಟ್ಟಿತೆಂದೇ ನಾನು ತಿಳಿದೆ. ಹುಡುಗ ಬಂದು ನೋಡಿ ಕಡತ ಕೆಟ್ಟಿಲ್ಲ, ಫಾಂಟಿಲ್ಲ ಎಂದ. ಟ್ರಂಕಿನ ತಳದಲ್ಲಿ ಅಂಗಡಿಯವರು ಕೊಟ್ಟಿದ್ದ ಸಿ.ಡಿ.ಯಲ್ಲಿ ಆ ಫಾಂಟು ಸಿಕ್ಕಿತು. ತಂದಿಟ್ಟು ಎಫ್‌ಸಿ-ಕ್ಯಾಶ್ ಎಂದದ್ದೇ ತಡ, ಹುಳುಗಳೆಲ್ಲ ಎದ್ದು ನಿಂತು ಕನ್ನಡವಾದವು.

ಅನಂತರ ಪರಿವರ್ತಕವೊಂದರ ಮೂಲಕ ಬರಹವನ್ನು ಯೂನಿಕೋಡಿಗೆ ತಿರುಗಿಸಿದೆವು. ಅಲ್ಲಲ್ಲಿ ಜಾಗ ಖಾಲಿ ಕಂಡಿತು. ಫಾಂಟಿನ ದೋಷವೆಂದುಕೊಂಡು ಹಳೆಯ ಮುದ್ರಿತ ಪ್ರತಿಯನ್ನು ತೆಗೆದು ನೋಡಿದರೆ, ಆ ಕಾಲದಲ್ಲಿಯೇ ಟೈಪು ಮಾಡಿದಾತ ತನ್ನಲ್ಲಿ ೞ ಇಲ್ಲವೆಂದು ಜಾಗ ಬಿಟ್ಟಿದ್ದ. ನಾನು ಪ್ರತಿಯೊಂದನ್ನೂ ಮಸಿಯಿಂದ ತುಂಬಿದ್ದೆ. ಇಪ್ಪತ್ತು ವರ್ಷಗಳಲ್ಲಿ ಅದೇ ಮರೆತುಹೋಗಿತ್ತು.

ಈ ೞಕ್ಕೆ ಯೂನಿಕೋಡಿನಲ್ಲಿ ಸ್ಥಾನವೇನೋ ಇದೆ, ಆದರೆ ಅದರ ಅಧಿಕೃತ ನಾಮಧೇಯ ‘ಫ’ ಎಂದು! ಯಾರೋ ಎಲ್ಲಿಯೋ ತಪ್ಪಿದರು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಅಲ್ಲಿಯ ಕಟ್ಟಳೆ. ಆದ್ದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ. ಹಳೆಯ ಬರಹಗಳಲ್ಲಿ ಕಾಣುವ ನಕಾರಪೊಳ್ಳಿಗೆ ಸ್ಥಾನ ದೊರೆತದ್ದು 2021ರಲ್ಲಿ. ಅದಕ್ಕಿಂತ ಮೊದಲು ಮಾಡಿಟ್ಟ ಫಾಂಟಿನಲ್ಲಿ ಆ ಸ್ಥಾನದ ಅಕ್ಷರವನ್ನು ಹುಡುಕಿ ಫಲವಿಲ್ಲ. ಸಂಗ್ರಹ ದೊಡ್ಡದಿದ್ದರೂ ಬೇಕಾದ ಒಂದು ಅಕ್ಷರ ಎಲ್ಲಿದೆಯೆಂದು ತಿಳಿಯದಿದ್ದರೆ ಏನು ಬಂತು? ಅದಕ್ಕೂ ಫಾಂಟ್‌ಕಾನ್ಫಿಗ್‌ನಲ್ಲಿ ದಾರಿಯಿದೆ. ಎಫ್‌ಸಿ-ಲಿಸ್ಟ್ ಎಂಬ ಆಜ್ಞೆಯೊಡನೆ ಅಕ್ಷರದ ಸಂಕೇತವನ್ನು ಕೊಟ್ಟರೆ ಅದನ್ನು ಉಳ್ಳ ಫಾಂಟುಗಳನ್ನು ಮಾತ್ರ ಹೇಳುತ್ತದೆ. ಭಾಷೆಯ ಹೆಸರು ಕೊಟ್ಟರೆ ಕನ್ನಡಕ್ಕೆ ಸಾಕಾಗುವವನ್ನು ಮಾತ್ರ ಹೇಳುತ್ತದೆ. ಹಾಗೆ ಕೇಳಿ ಒಂದನ್ನು ಆರಿಸಿಕೊಂಡೆ. ಇಲ್ಲದಿದ್ದರೆ ಪೞಗನ್ನಡ ಎಂಬ ಮಾತಿನಲ್ಲಿ ಒಂದು ಅಕ್ಷರ ಮಾತ್ರ ಬೇರೆ ಕೇಸಿನಿಂದ ಬಂದ ಮೊಳೆಯಂತೆ ದಪ್ಪವಾಗಿ ಎದ್ದು ಕಾಣುತ್ತಿತ್ತು.

ಆ ಹಳೆಯ ಫಾಂಟನ್ನು ಈಗ ‘ಹಳೆಯವು’ ಎಂಬ ಉಪಕೋಶದಲ್ಲಿಟ್ಟು ಪಟ್ಟಿಯಿಂದ ಮರೆಮಾಡಿದ್ದೇನೆ. ಅದರ ಜೊತೆಗೆ ಯಾವ ಯಾವ ಬರಹ ಅದನ್ನು ನೆಚ್ಚಿದೆಯೆಂಬ ಚೀಟಿಯೊಂದನ್ನೂ ಇಟ್ಟಿದ್ದೇನೆ. ಸಂಜೆಯ ವಾರ್ತೆ ಮುಗಿದ ಮೇಲೆ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಖಾಲಿ ಜಾಗಗಳಿಗೆ ೞ ತುಂಬುತ್ತಿದ್ದೇನೆ. ಇನ್ನು ಹನ್ನೊಂದು ಪುಟ ಉಳಿದಿವೆ.